ಖಾಲಿಯಾಗದ ಜಾಗ

"ಹೋಯ್ತು ಅಂದ್ರೆ ಹೋಯ್ತು ಸಾರ್," ಎಂದು ಮ್ಯಾನೇಜರ್ ಮತ್ತೊಮ್ಮೆ ಹೇಳಿದ. "ಅದೇನು ಕಸದ ಬುಟ್ಟಿಗೆ ಬಿದ್ದ ಕಾಗದವೇ, ಬಗ್ಗಿ ಎತ್ಕೊಳ್ಳೋಕೆ?"

ಇನ್‌ಸ್ಪೆಕ್ಟರ್ ಉತ್ತರ ಕೊಡಬೇಕೆಂದರೆ ಹಲ್ಲುಗಳು ಬಿಡಬೇಕಲ್ಲ. ಸರ್ವರ್ ಕೋಣೆಯ ಚಳಿಗೆ ಅವು ತಮ್ಮಷ್ಟಕ್ಕೆ ತಾವೇ ಕಟಕಟ ಎನ್ನುತ್ತಿದ್ದವು. ಹೊರಗೆ ಸುಡುವ ಬಿಸಿಲು. ಇಲ್ಲಿ ನೆಲದ ತೂತುಗಳಿಂದ ಎದ್ದ ತಣ್ಣನೆಯ ಗಾಳಿ ಪ್ಯಾಂಟಿನ ಕಾಲೊಳಗೆ ನುಗ್ಗಿ ಮಂಡಿಯವರೆಗೂ ಹತ್ತುತ್ತಿತ್ತು.

ಇಲಾಖೆಯಲ್ಲಿ ಅವನಿಗೆ ಗೊಣಗಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಆದರೆ ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಕರೆದುಕೊಳ್ಳುತ್ತಿದ್ದರು. ಆ ಹೆಸರಿನ ಬಗ್ಗೆಯೂ ಅವನು ಬೇಕಾದಷ್ಟು ಗೊಣಗಿದ್ದ. ಈ ಪ್ರಕರಣ ಕೊರಳಿಗೆ ಬಿದ್ದ ಮೇಲೆ ಮಾತ್ರ ಗೊಣಗುವುದಕ್ಕೂ ಮಾತು ಸಾಲದಾಗಿತ್ತು.

ಗಡಿಯಾರ ರಿಪೇರಿಯವನೊಬ್ಬ ಮಧ್ಯಾಹ್ನದ ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಅವನ ಮಗಳು ಈ ಆಂಬುಲೆನ್ಸ್ ಕರೆ ಕೇಂದ್ರಕ್ಕೆ ಫೋನ್ ಮಾಡಿದ್ದಳು. ಗಾಡಿ ಬರುವ ಹೊತ್ತಿಗೆ ಆತ ತಣ್ಣಗಾಗಿದ್ದ. ವಿಳಾಸ ಸರಿಯಾಗಿಯೇ ಹೇಳಿದ್ದೆ ಎನ್ನುತ್ತಾಳೆ ಮಗಳು. ಸರಿಯಾಗಿಯೇ ಮುಂದಕ್ಕೆ ಕಳಿಸಿದ್ದೆ ಎನ್ನುತ್ತಾಳೆ ಕರೆ ತೆಗೆದುಕೊಂಡ ಆಪರೇಟರ್. ತಪ್ಪು ವಿಳಾಸ ಬಂದಿತ್ತು ಎನ್ನುತ್ತಾನೆ ಆ ಹೊತ್ತಿನಲ್ಲಿ ಗಾಡಿಗಳನ್ನು ಓಡಿಸುವ ಮೇಜಿನ ಮುಂದೆ ಕುಳಿತಿದ್ದ ಈ ಮ್ಯಾನೇಜರ್. ಡ್ರೈವರ್ ಅಂದಿನಿಂದ ನಾಪತ್ತೆ. ಯಾರ ಮಾತು ನಿಜ ಎಂದು ಹೇಳಬಲ್ಲದ್ದು ಕರೆಯ ರೆಕಾರ್ಡಿಂಗ್ ಒಂದೇ. ಮರುದಿನ ಬೆಳಿಗ್ಗೆ ಅದೇ ಅಳಿಸಿಹೋಗಿತ್ತು.

ಕೆಲಸ ಕಳೆದುಕೊಂಡ ಆ ಆಪರೇಟರ್ ಆಗಾಗ ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಗೊಣಗಪ್ಪ ಹೊರಗೆ ಹೋಗುವಾಗ ಎದ್ದು ನಿಲ್ಲುವಳು, ಒಳಗೆ ಬಂದಾಗ ಮತ್ತೆ ಎದ್ದು ನಿಲ್ಲುವಳು. ಅವಳು ಜಗಳಕ್ಕಾದರೂ ಬಂದಿದ್ದರೆ ಅವನಿಗೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ.

"ಇನ್ನೊಂದು ಸಲ ಹೇಳಿ," ಎಂದ ಗೊಣಗಪ್ಪ. "ಮಗುವಿಗೆ ಹೇಳೋ ಹಾಗೆ ಹೇಳಿ."

ಮ್ಯಾನೇಜರ್ ನಿಟ್ಟುಸಿರು ಬಿಟ್ಟು ಎದುರಿನ ಕಬ್ಬಿಣದ ಬೀರುವನ್ನು ತೋರಿಸಿದ. ಅದರ ಮೈತುಂಬ ಜೇನುಗೂಡಿನ ಕಣ್ಣುಗಳಂತೆ ಡಿಸ್ಕುಗಳು, ಒಂದೊಂದಕ್ಕೂ ಮಿಣುಕುವ ಹಸಿರು ದೀಪ. ಮಹಡಿಯ ಮೇಲೆ ಹತ್ತಾರು ನೀರಿನ ಟ್ಯಾಂಕುಗಳಿವೆ, ಎಲ್ಲಕ್ಕೂ ಪೈಪು ಜೋಡಿಸಿ ಒಂದೇ ಮಾಡಿದ್ದೇವೆ ಅಂದುಕೊಳ್ಳಿ ಎಂದ. ಅದು ಡಿಸ್ಕ್ ಗ್ರೂಪ್. ಅದರಿಂದ ಒಂದೊಂದು ಮನೆಗೂ ಇಷ್ಟಿಷ್ಟು ನೀರು ಎಂದು ಪಾಲು ಮಾಡಿ ನಲ್ಲಿ ಕೊಟ್ಟಿದ್ದೇವೆ. ಆ ಪಾಲೇ ವಾಲ್ಯೂಮ್. ಯಾವ ಟ್ಯಾಂಕಿನ ನೀರು ಯಾವ ನಲ್ಲಿಗೆ ಬರುತ್ತದೆ ಎನ್ನುವುದು ಆ ಯಂತ್ರಕ್ಕೆ ಮಾತ್ರ ಗೊತ್ತು. ಡಿಸ್ಕ್ ಒಂದನ್ನು ಕಿತ್ತು ನೋಡಿದರೆ ಅರ್ಧ ಅಕ್ಷರವೂ ಸಿಗುವುದಿಲ್ಲ.

"ಕರೆಗಳ ವಾಲ್ಯೂಮಿಗೆ 'ಧ್ವನಿ' ಅಂತ ಹೆಸರು. ಪಕ್ಕದಲ್ಲೇ 'ಧ್ವನಿ-ಪರೀಕ್ಷೆ' ಅಂತ ಕೆಲಸಕ್ಕೆ ಬಾರದ ಇನ್ನೊಂದು ಪುಟ್ಟದು ಇತ್ತು. ಗ್ರೂಪ್ ತುಂಬಿ ತುಳುಕ್ತಾ ಇತ್ತು. ಜಾಗ ಮಾಡೋಣ ಅಂತ, ಡಿಸ್ಕುಗಳನ್ನ ನೋಡ್ಕೊಳ್ಳೋ ನಮ್ಮ ಡಿಸ್ಕಮ್ಮ ಪುಟ್ಟದನ್ನ ಅಳಿಸೋಕೆ ಹೋಗಿ ದೊಡ್ಡದನ್ನ ಅಳಿಸಿಬಿಟ್ರು. ವಯಸ್ಸಾಯ್ತು, ಕಣ್ಣು ಮಂಜು. ನಾನು ಕ್ಷಮಿಸಿಬಿಟ್ಟಿದೀನಿ."

ಅವನು ಕ್ಷಮಿಸಿದ್ದನ್ನು ಇದುವರೆಗೆ ಎಷ್ಟು ಸಲ ಹೇಳಿದ್ದನೋ. ಗೊಣಗಪ್ಪನಿಗೆ ಆ ಕ್ಷಮೆಯೇ ಚುಚ್ಚುತ್ತಿತ್ತು.

ಏಕೆಂದರೆ ಯಂತ್ರದ ಕಂಪನಿಯ ಎಂಜಿನಿಯರ್ ಫೋನಿನಲ್ಲಿ ಬೇರೆ ಒಂದು ಮಾತು ಹೇಳಿದ್ದ. ಆತ ಇಲ್ಲಿಗೆ ಬಂದೇ ಇರಲಿಲ್ಲ. ದೂರದಿಂದ ಯಂತ್ರದ ದಾಖಲೆ ನೋಡಿ, 'ಧ್ವನಿ' ಅಳಿಸಿದೆ, ಇನ್ನು ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡಿದ್ದ. ಆದರೆ ಫೋನ್ ಇಡುವ ಮುಂಚೆ, ಬಳಕೆಯಲ್ಲಿರುವ ವಾಲ್ಯೂಮನ್ನು ಯಂತ್ರ ಸುಮ್ಮನೆ ಅಳಿಸಲು ಬಿಡುವುದಿಲ್ಲ, ಮೊದಲು ಅದನ್ನು ಬಳಸುತ್ತಿರುವ ಸರ್ವರ್ ಕಂಪ್ಯೂಟರಿನಿಂದ ಬಿಡಿಸಬೇಕು ಎಂದು ಸೇರಿಸಿದ್ದ. ಎರಡು ಬಾಗಿಲು ದಾಟಬೇಕು. ಕಣ್ಣು ಮಂಜಾದವರು ಒಂದು ಬಾಗಿಲಿಗೆ ಎಡವಬಹುದು. ಮೊದಲನೆಯದನ್ನು ದಾಟಿ ಎರಡನೆಯದನ್ನೂ ತೆರೆದವರು ಎಡವಿದವರಲ್ಲ.

ಅದನ್ನು ಹಿಡಿದುಕೊಂಡು ಅವನು ಕರೆ ತೆಗೆದುಕೊಳ್ಳುವ ಹಾಲಿನಲ್ಲಿ ವಿಚಾರಿಸಿದ್ದ. ಆ ಬೆಳಿಗ್ಗೆ ರೆಕಾರ್ಡಿಂಗ್ ಪೆಟ್ಟಿಗೆಯ ಮೇಲೆ, ವಾಲ್ಯೂಮ್ ಬಿಟ್ಟುಹೋದರೆ ಹತ್ತುವ ಕೆಂಪು ದೀಪ ಹತ್ತಿತ್ತಂತೆ. ಗಾಬರಿಯಾಗಲಿಲ್ಲವೇ ಎಂದರೆ, ಇಲ್ಲ, ದೀಪ ಹತ್ತುತ್ತದೆ ಎಂದು ಮ್ಯಾನೇಜರ್ ಸಾಹೇಬರು ಮೊದಲೇ ಹೇಳಿದ್ದರು ಎಂದರು. ಅಂದರೆ ಎಡವುವುದು ಅವನಿಗೆ ಮುಂಚೆಯೇ ಗೊತ್ತಿತ್ತು.

ಯಾರ ಹೆಸರಿನಲ್ಲಿ ಅಳಿಸಿದ್ದು ಎಂದು ಕೇಳಿದರೆ ಅಲ್ಲೂ ಗೋಡೆ. ಇಡೀ ವಿಭಾಗಕ್ಕೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು. ಕಸ ಗುಡಿಸುವವರಿಗೂ ಬಾಯಿಪಾಠವಾಗಿರಬೇಕು. ಗೊಣಗಪ್ಪ ಆ ಚೀಟಿಯನ್ನು ನೋಡಿದ ದಿನ ಮಧ್ಯಾಹ್ನದ ಊಟ ಬಿಟ್ಟಿದ್ದ.

ಈಗ ಅವನ ಕಣ್ಣು ಬೀರುವಿನ ಪಕ್ಕದ ಸಣ್ಣ ಪರದೆಯ ಮೇಲೆ ಬಿತ್ತು. ಅದರಲ್ಲಿ ಎರಡು ಉದ್ದನೆಯ ಪಟ್ಟಿ. ಒಂದು ಹಸಿರು. ಇನ್ನೊಂದು ತುದಿಯವರೆಗೂ ಕೆಂಪು.

"ಈ ಕೆಂಪು ಏನು?"

"ಅದೇ ಸಾರ್, ಧ್ವನಿ ಇದ್ದ ಡಿಸ್ಕ್ ಗ್ರೂಪ್. ಯಾವಾಗಲೂ ಹಂಗೇ. ಜಾಗದ ಗೋಳು ಮುಗಿಯೋದೇ ಇಲ್ಲ."

"ಅವತ್ತಿಂದ ಈಚೆಗೆ ಅದರಲ್ಲಿ ಏನಾದರೂ ಹೊಸದಾಗಿ ಹಾಕಿದೀರಾ?"

ಇಲ್ಲವೇ ಇಲ್ಲ ಎಂದ ಮ್ಯಾನೇಜರ್. ನಿಮ್ಮ ಇಲಾಖೆಯವರೇ ಮುಟ್ಟಬೇಡಿ ಎಂದು ಆದೇಶ ಮಾಡಿ ಹೋಗಿದ್ದಾರೆ, ಹೊಸ ಕರೆಗಳಿಗೆ ಪಕ್ಕದ ಹಸಿರು ಗ್ರೂಪಿನಲ್ಲಿ ಜಾಗ ಕೊಟ್ಟಿದ್ದೇವೆ ಎಂದ. ನಿಯಮ ಪಾಲಿಸಿದ ಹೆಮ್ಮೆ ಅವನ ಮುಖದಲ್ಲಿತ್ತು.

ಗೊಣಗಪ್ಪ ತಲೆಯಾಡಿಸಿದ. ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿದವನು ನಿಂತ.

ಹೋದ ತಿಂಗಳು ಅವನ ಹೆಂಡತಿ, ಹಳೇ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟೆ, ಬೀರು ಖಾಲಿಯಾಯಿತು ಎಂದಿದ್ದಳು. ಅವನು ತನ್ನ ಶರ್ಟು ಇಡಲು ಹೋದರೆ ಬಾಗಿಲೇ ಮುಚ್ಚಲಿಲ್ಲ. ಕೊಟ್ಟಿದ್ದು ಒಂದು ಟವೆಲು. ಉಳಿದದ್ದೆಲ್ಲ ಹಿಂದಿನ ಸಾಲಿಗೆ ಹೋಗಿ ಕುಳಿತಿತ್ತು. ಅದಕ್ಕಾಗಿ ಅವನು ಮೂರು ದಿನ ಗೊಣಗಿದ್ದ.

"ಆ 'ಧ್ವನಿ' ಎಷ್ಟು ದೊಡ್ಡದಿತ್ತು?" ಎಂದು ತಿರುಗದೆಯೇ ಕೇಳಿದ.

"ಗ್ರೂಪಿನಲ್ಲಿ ಮುಕ್ಕಾಲು ಪಾಲು ಅದೇ ಸಾರ್."

ಮುಕ್ಕಾಲು ಪಾಲು ಎಸೆದ ಮೇಲೂ ತುಂಬಿರುವ ಬೀರು. ಗೊಣಗಪ್ಪನಿಗೆ ಚಳಿ ಮರೆತುಹೋಯಿತು. ಏನೂ ಆಗದವನಂತೆ ಒಂದು ಕಪ್ ಕಾಫಿ ಸಿಗುತ್ತದೆಯೇ ಎಂದು ಕೇಳಿ, ಮ್ಯಾನೇಜರನನ್ನು ಕ್ಯಾಂಟೀನಿನ ಕಡೆಗೆ ಸಾಗಹಾಕಿ, ತಾನು ಕಾರಿಡಾರಿನ ಕೊನೆಯ ಕೋಣೆಗೆ ನಡೆದ.

ಡಿಸ್ಕಮ್ಮ ಊಟದ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ನಿವೃತ್ತಿಯ ಹತ್ತಿರಕ್ಕೆ ಬಂದ ಹೆಂಗಸು, ಬೇಸಿಗೆಯಲ್ಲೂ ಮೈಮೇಲೆ ಉಲ್ಲನ್ ಸ್ವೆಟರ್, ಕನ್ನಡಕಕ್ಕೆ ದಾರ. ಕೆಟ್ಟುಹೋದ ಡಿಸ್ಕುಗಳನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದಳು. ಕೇಂದ್ರ ಶುರುವಾದಾಗಿನಿಂದ ಇಲ್ಲಿನ ಒಂದೊಂದು ಡಿಸ್ಕೂ ಅವಳ ಕೈ ದಾಟಿಯೇ ಒಳಗೆ ಹೋಗಿತ್ತು. ಡಿಸ್ಕಮ್ಮ ಎಂದು ಕರೆದರೆ ಅವಳೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಆದರೆ ಗೊಣಗಪ್ಪನ ಮುಖ ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಮೊದಲ ದಿನದಿಂದಲೂ ಹಾಗೆಯೇ. ಕೇಳಿದ್ದಕ್ಕೆಲ್ಲ ಒಂದೇ ಪದದ ಉತ್ತರ. ಇವತ್ತು ಬನ್ನಿ ಎಂದರೆ ರಜೆ, ನಾಳೆ ಬನ್ನಿ ಎಂದರೆ ತಲೆನೋವು. ಒಂದು ಸಲ ಅರ್ಧ ದಿನ ಕಾಯಿಸಿ, ಸಹಿ ಇಲ್ಲದ ಅನುಮತಿಪತ್ರ ನಡೆಯುವುದಿಲ್ಲ ಎಂದು ವಾಪಸು ಕಳಿಸಿದ್ದಳು. ಅಪರಾಧಿಗಳು ಹೆದರುತ್ತಾರೆ, ಇಲ್ಲವೇ ಹಲ್ಲು ಕಿರಿಯುತ್ತಾರೆ. ಈಕೆ ಎರಡನ್ನೂ ಮಾಡುತ್ತಿರಲಿಲ್ಲ. ಹೊಲಸನ್ನು ಕಂಡಂತೆ ನೋಡುತ್ತಿದ್ದಳು, ಅಷ್ಟೆ.

ಅವನು ಕುರ್ಚಿ ಎಳೆದುಕೊಂಡು ಕುಳಿತ. ಅವಳು ಕೂರಿ ಎಂದಿರಲಿಲ್ಲ.

"ಮೇಡಂ, ಒಂದೇ ಪ್ರಶ್ನೆ. ಇದಾದ ಮೇಲೆ ನಿಮ್ಮನ್ನ ಪೀಡಿಸಲ್ಲ."

"ಕೇಳಿ."

"ಖಾಲಿಯಾದ ಜಾಗ ಎಲ್ಲಿ ಹೋಯ್ತು?"

ಡಿಸ್ಕಮ್ಮನ ಕೈ ಡಬ್ಬಿಯ ಮೇಲೆಯೇ ನಿಂತಿತು.

ಜಾಗ ಮಾಡುವುದಕ್ಕೆಂದು ಅಳಿಸಿದಿರಿ, ಅಳಿಸಿದ್ದು ಮುಕ್ಕಾಲು ಪಾಲು, ಆಮೇಲೆ ಯಾರೂ ಏನೂ ಹಾಕಿಲ್ಲ, ಆದರೂ ಪಟ್ಟಿ ಕೆಂಪಗೇ ಇದೆ ಎಂದು ಅವನು ನಿಧಾನವಾಗಿ ಹೇಳಿಕೊಂಡು ಹೋದ. ನನಗೆ ಈ ಯಂತ್ರ ಗೊತ್ತಿಲ್ಲ, ನನಗೆ ಗೊತ್ತಿರುವುದು ನಮ್ಮನೆ ಬೀರು ಮಾತ್ರ ಎಂದ. ಎಸೆದಿದ್ದೀನಿ ಎಂದವರ ಬೀರು ತುಂಬಿದ್ದರೆ ಅವರು ಎಸೆದಿಲ್ಲ.

ಕಿಟಕಿಯಾಚೆ ಆಂಬುಲೆನ್ಸ್ ಒಂದು ಹಾರ್ನ್ ಹಾಕುತ್ತ ಗೇಟು ದಾಟಿತು.

"ಕಂಪನಿಯವನಿಗೇ ಕಾಣಲಿಲ್ಲ," ಎಂದಳು ಕೊನೆಗೆ. ದನಿಯಲ್ಲಿ ಸೋಲಿರಲಿಲ್ಲ, ದಣಿವಿತ್ತು. "ಏನು ಅಳಿಸಿದೆ ಅಂತ ನೋಡಿದ, ಏನು ಉಳಿದಿದೆ ಅಂತ ನೋಡಲಿಲ್ಲ. ನಿಮಗೇ ಕಾಣಬೇಕಿತ್ತೇ?"

"ಅಂದ್ರೆ ಇದೆ."

"ಇದೆ. ಸರ್ವರಿಂದ ಬಿಡಿಸಿದೆ. ಎರಡರ ಹೆಸರನ್ನೂ ಅದಲು ಬದಲು ಮಾಡಿದೆ. 'ಧ್ವನಿ' ಅನ್ನೋ ಹೆಸರಲ್ಲಿ ಅಳಿಸಿದ್ದು ಆ ಪುಟ್ಟ ಪರೀಕ್ಷೆಯದನ್ನ. ಅಳಿಸು ಅಂದ್ರು, ಅಳಿಸಿದ ಹಾಗೆ ಕಾಣಿಸಿದೆ. ಇಷ್ಟು ವರ್ಷದಲ್ಲಿ ಒಬ್ಬರ ಒಂದು ಮಾತನ್ನೂ ನಾನು ಕಳೆದಿಲ್ಲ ಇನ್‌ಸ್ಪೆಕ್ಟ್ರೇ. ಹೋಗೋ ಕಾಲದಲ್ಲಿ ಸತ್ತವರದನ್ನ ಕಳೀಲಾ?"

ಗೊಣಗಪ್ಪನಿಗೆ ಒಂದು ಕ್ಷಣ ಅವಳ ಕಾಲಿಗೆ ಬೀಳಬೇಕೆನಿಸಿತು. ಮರುಕ್ಷಣ ಮೈಯೆಲ್ಲ ಉರಿಯಿತು. ಇಷ್ಟು ದಿನ ಗಾಳಿಗೆ ಗುದ್ದಿದ್ದು, ಆ ಹುಡುಗಿ ಬೆಂಚಿನ ಮೇಲೆ ಕುಳಿತು ಕುಳಿತು ಒಣಗಿದ್ದು, ಮೇಲಿನವರು ಇವನನ್ನು ಕರೆದು ಕರೆದು ಬೈದಿದ್ದು, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು.

"ಹಾಗಾದ್ರೆ ನನಗ್ಯಾಕೆ ಹೇಳಲಿಲ್ಲ? ನಾನು ದಿನಾ ನಿಮ್ಮ ಬಾಗಿಲಲ್ಲಿ ನಿಂತಿದ್ದೆನಲ್ಲ. ಒಂದು ಮಾತು ಹೇಳೋಕೆ ನಿಮಗೆ ಏನು ರೋಗ?"

ಡಿಸ್ಕಮ್ಮ ಕನ್ನಡಕ ತೆಗೆದು ಅವನನ್ನು ನೇರವಾಗಿ ನೋಡಿದಳು.

"ಅಳಿಸಿ ಅಂತ ಹೇಳಿಕಳಿಸಿದವರು ನೀವೇ ಅಲ್ವಾ?"

ಅವನಿಗೆ ಅರ್ಥವಾಗಲಿಲ್ಲ. ಅವಳು ತಮಾಷೆ ಮಾಡುವ ಹೆಂಗಸಲ್ಲ.

ಆ ಬೆಳಿಗ್ಗೆ ಮ್ಯಾನೇಜರ್ ತನ್ನ ಬಳಿ ಬಂದು, ಇದು ಇನ್‌ಸ್ಪೆಕ್ಟರ್ ಸಾಹೇಬರ ಮನೆಯ ವಿಷಯ, ಹೊರಗೆ ಬಂದರೆ ಅವರ ಕೆಲಸ ಹೋಗುತ್ತದೆ, ಅವರೇ ಕೇಳಿಕೊಂಡಿದ್ದಾರೆ ಎಂದಿದ್ದ ಎಂದು ಅವಳು ಹೇಳಿದಳು. ಆಮೇಲೆ ತನಿಖೆಗೆ ಅಂತ ಬಂದವರೂ ನೀವೇ. ಎಲ್ಲ ಸರಿಯಾಗಿ ಅಳಿಸಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಬಂದಿದ್ದೀರಿ ಎಂದುಕೊಂಡೆ. ಬಾಯಿಗೆ ಬೀಗ ಹಾಕಿಕೊಂಡೆ. ನಿವೃತ್ತಿಯಾದ ದಿನ ಕೋರ್ಟಿಗೇ ಹೋಗಿ ಕೊಡೋಣ ಎಂದಿದ್ದೆ.

"ನನ್ನ ಮನೆ ವಿಷಯ?" ಎಂದ ಗೊಣಗಪ್ಪ. ಅವನ ದನಿ ಅವನಿಗೇ ದೂರದಿಂದ ಬಂದಂತಿತ್ತು. "ಆ ರೆಕಾರ್ಡಿಂಗ್ ಹಾಕಿ. ನನ್ನೆದುರಿಗೇ ಹಾಕಿ."

ಅವಳು ಬಾಗಿಲ ಚಿಲಕ ಹಾಕಿ ಬಂದಳು. ಬಚ್ಚಿಟ್ಟ ವಾಲ್ಯೂಮನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ದಿನಾಂಕ ಹುಡುಕಿದಳು. ಯಂತ್ರ ತಡಕಾಡುತ್ತಿದ್ದಷ್ಟು ಹೊತ್ತೂ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ಕಾಯುವಂತೆ ಕಾಯುತ್ತ ಕುಳಿತಿದ್ದರು.

ಮೊದಲು ಬಂದದ್ದು ಗಡಿಯಾರದವನ ಮಗಳ ದನಿ. ಅಪ್ಪ ಮಾತಾಡ್ತಿಲ್ಲ, ಬೆವರ್ತಿದಾರೆ, ಹಳೇ ಟಾಕೀಸಿನ ಹಿಂದುಗಡೆ, ಗಡಿಯಾರದ ಅಂಗಡಿ ಮೇಲಿನ ಮನೆ. ಆಪರೇಟರ್ ಅದನ್ನೇ ಅಕ್ಷರ ತಪ್ಪದಂತೆ ತಿರುಗಿ ಹೇಳಿದಳು. ಹೆದರಬೇಡಿ, ಗಾಡಿ ಹೊರಟಿದೆ ಎಂದಳು. ಬೆಂಚಿನ ಮೇಲೆ ಕೂರುವ ಆ ಹುಡುಗಿಯ ದನಿಯನ್ನು ಗೊಣಗಪ್ಪ ಇಷ್ಟು ಸ್ಪಷ್ಟವಾಗಿ ಕೇಳಿದ್ದು ಇದೇ ಮೊದಲು.

ಆಮೇಲೆ ಗಾಡಿಯ ವೈರ್‌ಲೆಸ್. ಅದರಲ್ಲಿ ಮ್ಯಾನೇಜರ್.

"ಗಾಡಿ ತಿರುಗಿಸು. ವಾಟರ್ ಟ್ಯಾಂಕ್ ಬೀದಿ, ಇನ್‌ಸ್ಪೆಕ್ಟರ್ ಮನೆ. ಅವರ ತಾಯಿ ಬಿದ್ದಿದಾರೆ."

"ಸಾರ್, ಇಲ್ಲಿ ಎದೆನೋವಿನ ಕೇಸು. ಇನ್ನು ಎರಡೇ ತಿರುವು." ಡ್ರೈವರನ ದನಿ.

"ಹೇಳಿದಷ್ಟು ಮಾಡು."

ಬ್ರೇಕಿನ ಕೀರಲು ಸದ್ದು. ಮುಂದೆ ಬರೀ ಗರಗರ.

ವಾಟರ್ ಟ್ಯಾಂಕ್ ಬೀದಿಯ ಇನ್‌ಸ್ಪೆಕ್ಟರ್ ಎಂದರೆ ಗೊಣಗಪ್ಪನೇ. ಅದೇ ದಿನ ಅಮ್ಮ ಬಚ್ಚಲಲ್ಲಿ ಬಿದ್ದದ್ದು, ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಒಂದೇ ದಿನ ಈ ಊರಿನಲ್ಲಿ ಎಷ್ಟು ಜನ ಬೀಳುತ್ತಾರೋ, ನಮ್ಮ ಪುಣ್ಯ, ನಮಗೆ ಗಾಡಿ ಬೇಗ ಬಂತು ಎಂದುಕೊಂಡಿದ್ದ. ಮೈಮೇಲೆ ಒಂದು ಗೀರೂ ಇಲ್ಲ, ಈ ವಯಸ್ಸಿಗೆ ಇದು ಆಶ್ಚರ್ಯ ಎಂದು ಡಾಕ್ಟರ್ ನಗುತ್ತ ಮನೆಗೆ ಕಳಿಸಿದ್ದರು. ಆ ಗಾಡಿ ಯಾರ ಬಾಗಿಲಿನಿಂದ ತಿರುಗಿ ಬಂದದ್ದು ಎಂದು ಅವನು ಯಾಕೆ ಕೇಳಲಿಲ್ಲ?

"ನಾನು ಯಾರಿಗೂ ಹೇಳಿಕಳಿಸಿಲ್ಲ," ಎಂದ. "ಅಮ್ಮ ಬಿದ್ದಿದ್ದು ನನಗೆ ಗೊತ್ತಾಗಿದ್ದೇ ಆಸ್ಪತ್ರೆ ಸೇರಿದ ಮೇಲೆ."

ಡಿಸ್ಕಮ್ಮ ನಂಬಿದಂತೆಯೂ ಕಾಣಲಿಲ್ಲ, ನಂಬದಂತೆಯೂ ಕಾಣಲಿಲ್ಲ. ಪರದೆಯ ಮೇಲೆ ಬೆರಳಿಟ್ಟಳು. ಗಾಡಿ ತಿರುಗಿಸಿದ ಹೊತ್ತು ಅಲ್ಲಿತ್ತು. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ.

ಅವನು ಮನೆಗೆ ಫೋನ್ ಮಾಡಿದ.

ಹೆಂಡತಿ ಎತ್ತಿಕೊಂಡಳು. ಹಿಂದೆ ಮಿಕ್ಸಿಯ ಸದ್ದು. ಅವತ್ತು ಆಂಬುಲೆನ್ಸಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದೆ ಎಂದು ಅವನು ಪೀಠಿಕೆಯಿಲ್ಲದೆ ಕೇಳಿದ. ಮಿಕ್ಸಿ ನಿಂತಿತು.

"ನಾನೆಲ್ಲಿ ಮಾಡಿದೆ? ನೀವೇ ಕಳಿಸಿದ್ರಲ್ಲ."

"ನಾನು ಸ್ಟೇಷನ್ನಲ್ಲಿದ್ದೆ. ಅಮ್ಮ ಬಚ್ಚಲಲ್ಲಿ ಬಿದ್ದಿದ್ದು ನನಗೆ ಹೇಗೆ ಗೊತ್ತಾಗುತ್ತೆ?"

"ಪೊಲೀಸರು, ನಿಮಗೆ ಎಲ್ಲಿಂದಲೋ ಗೊತ್ತಾಗಿರುತ್ತೆ ಅಂದ್ಕೊಂಡೆ ರೀ. ಅತ್ತೆ ಕೂಗಿದ್ರು, ಓಡಿ ಹೋಗಿ ಹಿಡ್ಕೊಂಡೆ, ಎಬ್ಬಿಸೋಕೂ ಆಗಿರಲಿಲ್ಲ, ಅಷ್ಟರಲ್ಲಿ ಗೇಟಲ್ಲಿ ಗಾಡಿ. ದೇವರೇ ಕಳಿಸಿದ ಹಾಗೆ ಬಂತು."

ಗೊಣಗಪ್ಪ ಕಣ್ಣು ಮುಚ್ಚಿದ. ಆಗ ಗಂಟೆ ಎಷ್ಟಾಗಿತ್ತು ಎಂದು ಕೇಳಿದ. ಅವಳು ಯೋಚಿಸಬೇಕಾಗಲೇ ಇಲ್ಲ. ಮಗಳ ಸ್ಕೂಲ್ ಬಸ್ಸು ನಾಲ್ಕಕ್ಕೆ ಬಂದಿತ್ತು. ಅಜ್ಜಿ ಮೊಮ್ಮಗಳಿಗೆ ಜಡೆ ಬಿಚ್ಚಿ ತಲೆ ಬಾಚಿದ್ದರು, ಹಾಲು ಕೊಟ್ಟಿದ್ದರು. ಬಿದ್ದದ್ದು ಅದೆಲ್ಲ ಆದ ಮೇಲೆ.

ಅಮ್ಮ ಬಿದ್ದಿದ್ದಾರೆ ಎಂದು ಗಾಡಿ ತಿರುಗಿದಾಗ ಅಮ್ಮ ಇನ್ನೂ ಬಿದ್ದೇ ಇರಲಿಲ್ಲ.

"ಅಮ್ಮನಿಗೆ ಫೋನ್ ಕೊಡು," ಎಂದ.

ಚಪ್ಪಲಿಯ ಸದ್ದು, ಬಾಗಿಲ ಸದ್ದು, ಗಂಟಲು ಸರಿಮಾಡಿಕೊಳ್ಳುವ ಸದ್ದು. ಅಮ್ಮ ಫೋನನ್ನು ಯಾವಾಗಲೂ ಬಾಯಿಗೆ ಹತ್ತಿರ, ಕಿವಿಗೆ ದೂರ ಹಿಡಿಯುತ್ತಿದ್ದರು. ಅವತ್ತು ಬಚ್ಚಲಲ್ಲಿ ಹೇಗೆ ಜಾರಿದಿರಿ ಎಂದು ಅವನು ಮೆತ್ತಗೆ ಕೇಳಿದ. ಗೊಣಗುವ ದನಿಯೇ ಇರಲಿಲ್ಲ. ಆ ಮೆತ್ತನೆಯ ದನಿಗೇ ಅಮ್ಮನಿಗೆ ಏನೋ ತಿಳಿದುಹೋಯಿತೆಂದು ಕಾಣುತ್ತದೆ.

"ಬಯ್ಯಬೇಡ ಮಗಾ," ಎಂದರು. "ನಾನು ಜಾರಲೂ ಇಲ್ಲ, ಬೀಳಲೂ ಇಲ್ಲ. ಬಚ್ಚಲಲ್ಲಿ ಮಲಗಿ ಕೂಗಿ ಅಂದ್ರು, ಮಲಗಿ ಕೂಗಿದೆ."

"ಯಾರಮ್ಮ ಅಂದಿದ್ದು?"

"ಯಾರು ಅಂತ ನನ್ನ ಕೇಳ್ತೀಯಲ್ಲೋ. ನೀನೇ ಹೇಳಿಕಳಿಸಿದ್ದೀಯ ಅಂತಲೇ ಅಲ್ವಾ ನಾನು ಮಲಗಿದ್ದು."

ಅಮ್ಮನ ದನಿ ದೊಡ್ಡದು. ಮೇಜಿನಾಚೆ ಕುಳಿತಿದ್ದ ಡಿಸ್ಕಮ್ಮನಿಗೂ ಒಂದೊಂದು ಅಕ್ಷರವೂ ಕೇಳಿಸಿತು. ಆ ರೆಕಾರ್ಡಿಂಗ್ ಇವನ ಕೈಗೆ ಸಿಗಬಾರದು ಎಂಬಂತೆ ಅವಳು ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು.